ಕೇಳುವುದನ್ನು ಕಲಿಸಿದ ಪಿನ್ನಮ್ಮ

ಪಿನ್ನಮ್ಮನವರ ಎಡಗಿವಿ ಕೇಳುತ್ತಿರಲಿಲ್ಲ. ಯಾರಾದರೂ ಮಾತಿಗೆ ಬಂದರೆ ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ಕುತ್ತಿಗೆ ಹೊರಳಿಸಿ, ಬಲಗಿವಿಯ ಮೇಲೆ ಬಿದ್ದ ನರೆಗೂದಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಸರಿಸಿ, ಆ ಕಿವಿಯನ್ನು ನಮ್ಮ ಬಾಯಿಗೆ ಒಡ್ಡುತ್ತಿದ್ದರು. ಬಿಳಿ ಹರಳಿನ ಓಲೆಯ ಭಾರಕ್ಕೆ ಕಿವಿಯ ತೂತು ಉದ್ದಕ್ಕೆ ಜಗ್ಗಿತ್ತು. ಕಣ್ಣು ಮಾತ್ರ ನಮ್ಮ ತುಟಿಯ ಮೇಲೇ. ಮಗ್ಗ ಆಡುತ್ತಿದ್ದರೆ ಆ ಒಂದೇ ಕಿವಿಗೆ ಮಾತು ಕೇಳಿಸುವುದಿಲ್ಲವಾದ್ದರಿಂದ ಲಾಳಿಯನ್ನು ಪಕ್ಕಕ್ಕಿಟ್ಟು ಮಗ್ಗ ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು: ಪಿನ್ನಮ್ಮನ ಮಗ್ಗದ ಸದ್ದು ನಿಂತಿದೆ ಅಂದರೆ ಯಾರದೋ ಮನೆಯ ಗೋಳು ಅಲ್ಲಿಗೆ ಬಂದು ಕೂತಿದೆ.

ಪಿನ್ನಮ್ಮ ಅಂದರೆ ತೆಲುಗಿನಲ್ಲಿ ಚಿಕ್ಕಮ್ಮ. ಅವರ ಮನೆಮಾತು ತೆಲುಗು. ಅವರು ನನಗೆ ಚಿಕ್ಕಮ್ಮನೂ ಅಲ್ಲ, ನೆಂಟರೂ ಅಲ್ಲ, ಬಾಡಿಗೆ ಮನೆಯ ಪಕ್ಕದ ಗೋಡೆಯವರು. ನಾನು ಬಸ್ ಕಂಡಕ್ಟರ್. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ, ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ, ಎತ್ತು ಗಾಣ ಸುತ್ತಿದ ಹಾಗೆ ಹದಿನೆಂಟು ವರ್ಷ ಸುತ್ತಿದ್ದೇನೆ. ನನ್ನ ಹೊಟ್ಟೆಪಾಡೇ ಕೇಳುವುದು. ಎಲ್ಲಿಗೆ? ಎಷ್ಟು ಜನ? ಚಿಲ್ಲರೆ ಐತಾ? ಆ ಮರಿ ಯಾರದು, ಅದಕ್ಕೂ ಟಿಕೆಟ್ ತಗೊಂಡಿದ್ದೀಯಾ? ಮನೆಗೆ ಬಂದರೂ ಇದೇ ಚಾಳಿ. 'ನಿಮ್ಮ ಜೊತೆ ಸಂಸಾರ ಮಾಡೋದೂ ಒಂದೇ, ಚೆಕಿಂಗ್ ಸ್ಕ್ವಾಡಿಗೆ ಸಿಕ್ಕಿಬೀಳೋದೂ ಒಂದೇ' ಅಂತ ನನ್ನ ಹೆಂಡತಿ ನೆಂಟರ ಎದುರಿಗೇ ಅಂದಿದ್ದಾಳೆ. ಕೋಪ ಬೇರೆ ಮೂಗಿನ ತುದಿಯಲ್ಲಿ. ಒಪ್ಪಿಕೊಳ್ಳುತ್ತೇನೆ.

ಪಿನ್ನಮ್ಮ ದೇವತೆಯೇನೂ ಅಲ್ಲ. ಗಂಡನ ಮೇಲೆ ದಿನಕ್ಕೆ ಹತ್ತು ಸಲ ಹಾರಾಡುತ್ತಿದ್ದರು. ಪಾಪ, ಆ ತಾತ ನೇಯ್ದ ಸೀರೆ ಮಡಚುತ್ತಾ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಸೆರಗು ನೇಯುವ ಹೊತ್ತಿನಲ್ಲಿ ಯಾರಾದರೂ ಕಣ್ಣೀರು ಹಾಕಿಕೊಂಡು ಬಂದರೆ 'ಈಗ ಬ್ಯಾಡ ತಾಯಿ, ಹೂವು ತಪ್ಪೋಗ್ತಾವೆ, ಸಾಯಂಕಾಲ ಬಂದು ಅಳು' ಅಂತ ಕಳಿಸಿದ್ದೂ ಉಂಟು. ಒಂದೇ ದುಃಖವನ್ನು ಮೂರನೇ ಸಲ ತಂದವರಿಗೆ 'ಇದು ಮೊನ್ನೇದೇ ಅಲ್ವಾ? ಹೊಸದೇನಾದ್ರೂ ಐತಾ?' ಅನ್ನುತ್ತಿದ್ದರು. ಆದರೂ ಜನ ಬರುತ್ತಿದ್ದರು. ಪರಿಹಾರ ಕೊಡುತ್ತಾರೆ ಅಂತಲ್ಲ. ಅವರು ಬುದ್ಧಿ ಹೇಳಿದ್ದನ್ನು ನಾನು ಕೇಳಿದ್ದೇ ಅಪರೂಪ. ಕಿವಿ ಒಡ್ಡಿ 'ಹೂಂ' ಅನ್ನುತ್ತಿದ್ದರು. ಮತ್ತೆ 'ಹೂಂ'. ಅಷ್ಟೇ.

ಈ ಹೂಂ ಒಂದು ಸಲ ಫಜೀತಿ ಮಾಡಿತು. ಎದುರುಮನೆಯ ಗಂಡ ಹೆಂಡತಿ ಜಗಳವಾಡಿ, ಬೆಳಿಗ್ಗೆ ಹೆಂಡತಿ ಬಂದು ಗಂಡನ ಮೇಲೆ ದೂರು ಹೇಳಿದಳು. ಪಿನ್ನಮ್ಮ ಹೂಂ ಅಂದರು. ಮಧ್ಯಾಹ್ನ ಗಂಡ ಬಂದು ಹೆಂಡತಿಯ ಮೇಲೆ ಹೇಳಿದ. ಅದಕ್ಕೂ ಹೂಂ. ಸಂಜೆ ಇಬ್ಬರೂ 'ಪಿನ್ನಮ್ಮನೇ ನನ್ನದು ಸರಿ ಅಂದವ್ರೆ' ಅಂತ ಬೀದಿಯಲ್ಲಿ ಕಿತ್ತಾಡಿ, ಕೊನೆಗೆ ಇಬ್ಬರೂ ಸೇರಿ ಪಿನ್ನಮ್ಮನ ಮೇಲೇ ಹೋದರು. 'ಎರಡೂ ಕಡೆ ಹೂಂ ಅಂದ್ಯಲ್ಲಾ, ಏನು ನ್ಯಾಯ ಇದು?' ಪಿನ್ನಮ್ಮ ಅಡಿಕೆ ಕತ್ತರಿಸುತ್ತಾ, 'ಹೂಂ ಅಂದ್ರೆ ನಿಂದೇ ಸರಿ ಅಂತಲ್ಲಮ್ಮ. ಹೇಳು, ಇಲ್ಲೇ ಇದ್ದೀನಿ ಅಂತ' ಅಂದರು. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಪಿನ್ನಮ್ಮನನ್ನು ಬೈಯುವುದರಲ್ಲಿ ಒಂದಾಗಿದ್ದವರು ಹಾಗೇ ಒಟ್ಟಿಗೆ ಮನೆಗೆ ಹೋದರು. ನಾನು ಜಗುಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ಮಾತು ಮುಂದೆ ನನಗೇ ಬೇಕಾಗುತ್ತದೆ ಅಂತ ಆಗ ಅನ್ನಿಸಿರಲಿಲ್ಲ.

ನಮ್ಮದು ದೇವಸಮುದ್ರದ ಕಡೆ ಹಳ್ಳಿ. ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ನಾನು ಬಸ್ಸು ಹತ್ತಿದೆ, ತಮ್ಮ ಕುರಿ ಹಿಂದೆ ಉಳಿದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅಪ್ಪ ಇಲ್ಲದ ಮನೆ, ಹಾಗಾಗಿ ನಾನೇ ಅವನಿಗೆ ಅಪ್ಪ. ಅಪ್ಪನಿಗಿಂತ ಒಂದು ಕೈ ಹೆಚ್ಚೇ. ದಿನಾ ಮಧ್ಯಾಹ್ನ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಂತಾಗ ಅವನಿಗೆ ಫೋನ್ ಮಾಡುತ್ತಿದ್ದೆ. ಕ್ಷೇಮ ಸಮಾಚಾರ ಒಂದು ನಿಮಿಷ, ಬೈಗುಳ ಹತ್ತು ನಿಮಿಷ.

ನಾಲ್ಕು ವರ್ಷದ ಹಿಂದಿನ ಮಾತು. ಕಟಾವಾದ ಜೋಳದ ಹೊಲಕ್ಕೆ ಮಳೆ ಬಿದ್ದು ಕೂಳೆ ಚಿಗುರಿತ್ತು. ಕೊಯ್ದು ಬಿಟ್ಟ ಬುಡದಿಂದ ಹೊಡೆಯುವ ಆ ಎಳೆ ಚಿಗುರು ಕುರಿಗೆ ವಿಷ. ನಮ್ಮ ಕಡೆ ಕೂಸಿಗೂ ಇದು ಗೊತ್ತು. ತಮ್ಮನ ಹಿಂಡು ಅವನ ಕಣ್ಣು ತಪ್ಪಿಸಿ ಅಂಥದೊಂದು ಹೊಲಕ್ಕೆ ನುಗ್ಗಿತು. ನೋಡನೋಡುತ್ತಿದ್ದಂತೆ ಹೊಟ್ಟೆ ಉಬ್ಬರಿಸಿ, ಕಾಲು ಬಡಿದು, ಅರ್ಧ ಹಿಂಡು ಸತ್ತು ಬಿತ್ತು. ತಮ್ಮ ಅವ್ವನಿಗೆ ಹೇಳಿದ್ದು ಒಂದೇ ಮಾತು: 'ಉಂಡು ಮಲಗಿದ್ದೆ, ನಿದ್ದೆ ಬಂದ್ಬಿಡ್ತು.'

ಕುರಿ ಕಾಯುವವನು ಮಲಗಿದ್ದ! ನಮ್ಮ ಜನರಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಕಳ್ಳ ಅಂದರೂ ತಡೆದುಕೊಳ್ಳುತ್ತಾರೆ. ಊರಿನವರು ಎದುರಿಗೇ ಆಡಿಕೊಂಡರು. ಅವನಿಗೆ ಗೊತ್ತು ಮಾಡಿದ್ದ ಹೆಣ್ಣಿನ ಕಡೆಯವರು ಸುಮ್ಮನಾದರು. ನಾನಂತೂ ಕುದ್ದುಹೋದೆ. ಡ್ಯೂಟಿ ಮುಗಿಸಿ ಬಂದು, ದಿನಾ ಸಂಜೆ ಪಿನ್ನಮ್ಮನ ಮಗ್ಗದ ಪಕ್ಕ ಕೂತು ಅದನ್ನೇ ಹೇಳುತ್ತಿದ್ದೆ. 'ಮಲಗಿದ್ನಂತೆ ಪಿನ್ನಮ್ಮ! ಆವತ್ತು ಮಧ್ಯಾಹ್ನ ತಾನೇ ಫೋನ್ ಮಾಡಿ ಬೈದಿದ್ದೆ, ಜವಾಬ್ದಾರಿ ಇಲ್ಲ ನಿಂಗೆ ಅಂತ. ರೇಷನ್ ಕಾರ್ಡಿಗೆ ಬೆರಳು ಕೊಡೋಕೆ ಬಾ ಅಂದ್ರೆ ಬಂದಿರಲಿಲ್ಲ, ಅದಕ್ಕೆ. ಅಷ್ಟು ಬೈಸ್ಕೊಂಡ ಮೇಲೂ ಹೋಗಿ ಮಲಗ್ತಾನಲ್ಲ!' ಪಿನ್ನಮ್ಮ ಹೂಂ ಅನ್ನುತ್ತಿದ್ದರು. ನಾನೂ ಎದುರುಮನೆಯವರ ಹಾಗೆ, ನನ್ನದೇ ಸರಿ ಅಂತ ಎದ್ದು ಬರುತ್ತಿದ್ದೆ.

ಆಮೇಲೆ ಅವ್ವನ ಫೋನ್ ಬಂತು. 'ಅಪ್ಪಾ, ಅವ್ನು ಉಣ್ಣಲ್ಲ. ಯಾರ ಜೊತೆಗೂ ಮಾತಿಲ್ಲ. ಉಳಿದ ಕುರಿ ಬಿಡಾಕೂ ಹೋಗಲ್ಲ, ರೊಪ್ಪದ ಮೂಲೆಯಾಗೆ ಕುಂತಿರ್ತಾನೆ. ನಂಗ್ಯಾಕೋ ಎದೆ ಹೊಡ್ಕಂತೈತೆ. ಅವನ ಹಿಂದೆ ಹಿಂದೇನೇ ತಿರುಗ್ತಿದ್ದೀನಿ.' ಅವ್ವ ಹೆದರುವ ಹೆಂಗಸಲ್ಲ. ತೋಳವನ್ನು ದೊಣ್ಣೆಯಿಂದ ಅಟ್ಟಿದವಳು. ಅವಳ ದನಿ ಕೇಳಿ ಸೀದಾ ಪಕ್ಕದ ಮನೆಗೆ ನಡೆದೆ.

ಪಿನ್ನಮ್ಮನಿಗೆ ಹೇಳಿದೆ. ಅವರು ಈ ಸಲ ಹೂಂ ಅನ್ನಲಿಲ್ಲ. 'ನಾಯನಾ, ನಾಳೇನೇ ಊರಿಗೆ ಹೋಗು. ಹೋಗಿ ಮೊದ್ಲು ಕೇಳು. ಮಿಕ್ಕಿದ್ದೆಲ್ಲ ಆಮೇಲೆ' ಅಂದರು.

ಹೋದೆ. ಕೇಳಿದೆ. ಅವನನ್ನು ಕುರಿ ಕೂಡುವ ರೊಪ್ಪದ ಬೇಲಿಯ ಹತ್ತಿರ ನಿಲ್ಲಿಸಿಕೊಂಡು ಕೇಳಿದೆ. ಎಷ್ಟೊತ್ತಿಗೆ ಉಂಡೆ? ಎಲ್ಲಿ ಮಲಗಿದ್ದೆ? ಯಾವ ಮರ? ಹೊಲ ಎಷ್ಟು ದೂರ? ನಾಯಿ ಬೊಗಳಲಿಲ್ವಾ? ಬೊಗಳಿದ್ರೂ ಎಚ್ಚರ ಆಗಲಿಲ್ವಾ? ಯಾಕಲೇ, ಬಾಯಿಗೆ ಏನಾಗೈತೆ? ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ಸಲ ತುಟಿ ಅಲುಗಿತು. ನಾನು ಅಷ್ಟರಲ್ಲಿ ಮುಂದಿನ ಪ್ರಶ್ನೆ ಹಾಕಿದ್ದೆ. ಅವನು ತಲೆ ತಗ್ಗಿಸಿ, ಅವ್ವ ಬಡಿಸಿಟ್ಟಿದ್ದ ತಟ್ಟೆಯನ್ನೂ ಮುಟ್ಟದೆ, ಹೊಲದ ಕಡೆ ನಡೆದುಬಿಟ್ಟ. ಅವ್ವ ಚಪ್ಪಲಿ ಹಾಕದೆ ಹಿಂದೆ ಓಡಿದಳು.

ಮರುದಿನ ಬಂದು ಪಿನ್ನಮ್ಮನಿಗೆ, 'ನೀವು ಹೇಳಿದ ಹಾಗೇ ಕೇಳಿದೆ. ಒಂದಕ್ಕೂ ಉತ್ತರ ಇಲ್ಲ' ಅಂತ ವರದಿ ಒಪ್ಪಿಸಿದೆ. ಏನೇನು ಕೇಳಿದೆ ಅಂದರು. ಎಲ್ಲಾ ಹೇಳಿದೆ. ಪಿನ್ನಮ್ಮ ಹಣೆ ಹಣೆ ಬಡಿದುಕೊಂಡರು.

'ಅಯ್ಯೋ ನನ್ನ ಬಾಯಿಗೆ ಬೆಂಕಿ ಬೀಳ! ಕೇಳು ಅಂದಿದ್ದು ಅದಲ್ಲ ನಾಯನಾ! ನಿಮ್ಮ ಕನ್ನಡದಾಗೆ ಎರಡಕ್ಕೂ ಒಂದೇ ಮಾತಿಟ್ಕಂಡು ನನ್ನ ತಲೆ ಕೆಡಿಸಿದ್ರಿ. ಬಾಯಾಗೆ ಕೇಳೋದೂ ಕೇಳೋದೇ, ಕಿವಿಯಾಗೆ ಕೇಳೋದೂ ಕೇಳೋದೇ. ನಮ್ಮ ತೆಲುಗಿನಾಗೆ ಅದು ಬ್ಯಾರೆ, ಇದು ಬ್ಯಾರೆ. ಅಡಗಾಕು, ವಿನು. ಪ್ರಶ್ನೆ ಹಾಕಬ್ಯಾಡ, ಕಿವಿ ಕೊಡು.'

ನನಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ಆಡಿದ ಭಾಷೆ. ಅದರ ಒಂದು ಮಾತಿನಲ್ಲಿ ನಾನು ಅರ್ಧ ಮಾತ್ರ ಕಲಿತಿದ್ದೆ.

'ಅವನ್ನ ಇಲ್ಲಿಗೆ ಕರ್ಕಂಡು ಬಾ. ಒಬ್ಬನ್ನೇ ಬಿಡೋದು ಬ್ಯಾಡ. ನೀನು ಡ್ಯೂಟಿಗೆ ಹೋಗು, ನನ್ನ ಹತ್ರ ಇರ್ಲಿ' ಅಂದರು ಪಿನ್ನಮ್ಮ.

ಕರೆತಂದೆ. ತಮ್ಮ ಎಂಟು ದಿನ ನಮ್ಮ ಮನೆಯಲ್ಲಿದ್ದ. ಬೆಳಿಗ್ಗೆ ನಾನು ಹೊರಟರೆ ಅವನು ಕಂಬಳಿ ಹೊದ್ದು ಪಿನ್ನಮ್ಮನ ಮಗ್ಗದ ಪಕ್ಕ ಹೋಗಿ ಕೂರುತ್ತಿದ್ದ. ಮೊದಲೆರಡು ದಿನ ಸುಮ್ಮನೆ ಕೂತಿದ್ದನಂತೆ. ಮೂರನೇ ದಿನ ಪಿನ್ನಮ್ಮ ಅವನ ಕೈಗೆ ರೇಷ್ಮೆ ನೂಲು ಕೊಟ್ಟು, ಲಾಳಿಯೊಳಗಿಡುವ ಕಂಡಿಕೆಗೆ ಸುತ್ತುವುದನ್ನು ತೋರಿಸಿದರು. ಕುರಿ ಉಣ್ಣೆ ಹಿಡಿದ ಕೈ, ರೇಷ್ಮೆ ಎಳೆ ನಿಲ್ಲುತ್ತಿರಲಿಲ್ಲ. ಕಡಿದಾಗೆಲ್ಲ ಪಿನ್ನಮ್ಮ ತಾವೇ ಗಂಟು ಹಾಕಿ ವಾಪಸು ಕೊಡುತ್ತಿದ್ದರು ಅಂತ ನನ್ನ ಹೆಂಡತಿ ಹೇಳುತ್ತಿದ್ದಳು. ಸಂಜೆ ನಾನು ಬಂದ ಕೂಡಲೇ 'ಏನಾದ್ರೂ ಮಾತಾಡಿದ್ನಾ?' ಅಂದರೆ ಪಿನ್ನಮ್ಮ, 'ನೀನು ಬಸ್ಸಿಳಿದು ಬಂದಿದ್ದೀಯಾ ಇಲ್ಲಾ ಇನ್ನೂ ಬಸ್ಸಿನಾಗೇ ಇದ್ದೀಯಾ?' ಅಂತ ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಎಂಟನೇ ದಿನ ಅವರೇ ಕರೆದರು. 'ನಿಮ್ಮವ್ವ ಜಟಿಂಗ ರಾಮೇಶ್ವರಕ್ಕೆ ಹರಕೆ ಹೊತ್ತವ್ಳಂತಲ್ಲ. ನಾಳೆ ರಜ ಹಾಕಿ ತಮ್ಮನ್ನ ಬೆಟ್ಟಕ್ಕೆ ಕರ್ಕಂಡು ಹೋಗು. ಇಬ್ಬರೇ ಹೋಗಿ. ಅವನೇನು ಹೇಳಿದ್ರೂ ಯಾಕೆ ಅನ್ನಬ್ಯಾಡ. ಅಲ್ಲ ಅನ್ನಬ್ಯಾಡ. ಹೂಂ ಅನ್ನು, ಸಾಕು.'

ಬೆಟ್ಟದ ಮೆಟ್ಟಿಲು ಹತ್ತುವುದೆಂದರೆ ಹುಡುಗಾಟವಲ್ಲ. ಬಸ್ಸಿನಲ್ಲಿ ನಿಂತು ನಿಂತು ಬೊಜ್ಜು ಬಂದ ನನಗೆ ಕಾಲುಭಾಗ ಹತ್ತುವುದರೊಳಗೆ ನಾಲಿಗೆ ಹೊರಗೆ ಬಂತು. ಪ್ರಶ್ನೆ ಹಾಕಬೇಕೆಂದರೂ ಉಸಿರಿರಲಿಲ್ಲ. ಇದನ್ನೆಲ್ಲ ಲೆಕ್ಕ ಹಾಕಿಯೇ ಪಿನ್ನಮ್ಮ ಬೆಟ್ಟಕ್ಕೆ ಕಳಿಸಿದರೋ ಏನೋ! ಅರ್ಧ ದಾರಿಯಲ್ಲಿ ಒಂದು ಬಂಡೆಯ ನೆರಳಿನಲ್ಲಿ ಕೂತೆವು. ಕೆಳಗೆ ಬಯಲಿನಲ್ಲಿ ಯಾರದೋ ಕುರಿ ಹಿಂಡು ಮೇಯುತ್ತಿತ್ತು. ತಮ್ಮ ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತ. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು.

'ಅಣ್ಣ, ನಾನು ಮಲಗಿರಲಿಲ್ಲ' ಅಂದ.

'ಹೂಂ' ಅಂದೆ.

'ಆ ಕಡೆ ಸಿಗ್ನಲ್ ಸಿಗಲ್ಲ. ಒಂದು ಗುಂಡುಕಲ್ಲು ಐತೆ, ಅದರ ಮ್ಯಾಲೆ ಹತ್ತಿ ದಿಬ್ಬದ ಕಡೆ ಮುಖ ಮಾಡಿದ್ರೆ ಮಾತ್ರ ಮಾತು ಕೇಳ್ತೈತೆ. ನಿನ್ನ ಫೋನ್ ಬಂತು. ಹತ್ತಿ ನಿಂತೆ. ಕುರಿ ಬೆನ್ನ ಹಿಂದಿದ್ದವು.'

ನಾನು ಕೆಳಗಿನ ಹಿಂಡಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದೆ.

'ನೀನು ಬೈತಿದ್ದೆ. ನಡುವೆ ಫೋನ್ ಹೆಂಗೆ ಇಡ್ಲಿ? ಇಟ್ರೆ ಇನ್ನೂ ಸಿಟ್ಟಾಗ್ತೀಯ. ನಾಯಿ ಬೊಗಳ್ತು. ಒಂದ್ನಿಮಿಷ ಅಣ್ಣ ಅಂದೆ. ನಾನು ಮಾತಾಡ್ವಾಗ ಅಡ್ಡ ಬಾಯಿ ಹಾಕಬ್ಯಾಡ ಅಂದೆ ನೀನು. ಇಳಿದು ನೋಡೋ ಹೊತ್ತಿಗೆ ಅವು ಹೊಲದಾಗಿದ್ದವು.'

ಆ ಮಧ್ಯಾಹ್ನ ಫೋನ್ ಮಾಡಿದ್ದು ನನಗೆ ನೆನಪಿರಲಿಲ್ಲವೇ? ಇತ್ತು. ಅವನು ಉಂಡು ಮಲಗಿದ್ದೆ ಅಂದದ್ದರಿಂದ, ಅದು ನನ್ನ ಫೋನಿನ ನಂತರದ ಮಾತು ಅಂದುಕೊಂಡಿದ್ದೆ. ರೇಷನ್ ಕಾರ್ಡಿಗೆ ಒಂದು ಬೆರಳಚ್ಚು! ಅದಕ್ಕಾಗಿ ಇಪ್ಪತ್ತು ನಿಮಿಷ ಬೈದಿದ್ದೆ. ಎಲ್ಲಿದ್ದೆ, ಎಲ್ಲಿದ್ದೆ ಅಂತ ಅವನನ್ನು ಬೇಲಿಗೆ ಒತ್ತಿ ಕೇಳಿದ್ದೆನಲ್ಲ, ಉತ್ತರ ಹೇಳಿದರೆ ಅದು ನನ್ನ ತಲೆಗೇ ಬರುತ್ತಿತ್ತು. ಅಣ್ಣನ ತಲೆ ಉಳಿಸಲು ಕುರಿ ಕಾಯುವವನು ಮಲಗಿದ್ದೆ ಅಂದ. ಆ ಕೆಟ್ಟ ಹೆಸರು ಹೊತ್ತು ರೊಪ್ಪದ ಮೂಲೆ ಸೇರಿದ.

'ಯಾಕಲೇ ಹೇಳಲಿಲ್ಲ' ಅನ್ನುವ ಮಾತು ಗಂಟಲಿಗೆ ಬಂದು ಒದೆಯಿತು. ನುಂಗಿದೆ. ಅವನಿಗೆ ಇನ್ನೂ ಹೇಳುವುದಿತ್ತು. ಸತ್ತ ಕುರಿಗಳಲ್ಲಿ ಅವನು ಬಾಟಲಿ ಹಾಲು ಕುಡಿಸಿ ಸಾಕಿದ ಮರಿಯೂ ಇತ್ತಂತೆ. ಕಣ್ಣು ಮುಚ್ಚಿದರೆ ಆ ಕಾಲು ಬಡಿಯುವ ಸದ್ದು ಬರುತ್ತದಂತೆ. ಬದುಕಿರುವುದೇ ಬೇಡ ಅನ್ನಿಸುತ್ತದೆ ಅಣ್ಣ, ಅಂದ. ಅದನ್ನು ಅವನು ಸಲೀಸಾಗಿ ಹೇಳಿಬಿಟ್ಟ. ನಾನು ಅವನ ಕೈ ಹಿಡಿದುಕೊಂಡೆ. ಹೂಂ ಅಂದೆ. ಅಳುತ್ತಲೇ ಹೂಂ ಅಂದೆ. ದೇವರ ದರ್ಶನಕ್ಕೆ ಹೋದಾಗ ಮಂಗಳಾರತಿ ಆಗಿಹೋಗಿತ್ತು.

ವಾಪಸು ಬಂದಾಗ ನನ್ನ ಕಣ್ಣು ನೋಡಿ ಪಿನ್ನಮ್ಮ ಮಜ್ಜಿಗೆ ತಂದು ಕೈಗಿಟ್ಟರು. ಮರುದಿನ ಬೆಳಿಗ್ಗೆ, 'ಕಿವಿ ಕೊಟ್ರೆ ಅರ್ಧ ವಾಸಿ. ಇನ್ನರ್ಧಕ್ಕೆ ಡಾಕ್ಟ್ರು ಬೇಕು. ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರೋ ದಿನ ತಿಳ್ಕೊಂಡು ಕರ್ಕಂಡು ಹೋಗು. ನಾನೂ ಒಂದು ವರ್ಷ ನುಂಗಿದ್ದೀನಿ ಆ ಮಾತ್ರೆ. ನಾಚಿಕೆ ಯಾಕೆ?' ಅಂದರು. ಅವರು ಯಾವಾಗ ನುಂಗಿದರು, ಯಾವ ನೋವಿಗೆ ನುಂಗಿದರು ಅಂತ ನಾನು ಕೇಳಲಿಲ್ಲ. ಅವರು ಹೇಳಲೂ ಇಲ್ಲ.

ತಮ್ಮ ವಾಸಿಯಾದ. ತಕ್ಷಣ ಅಲ್ಲ, ಮಾತ್ರೆ, ಡಾಕ್ಟರ ಹತ್ತಿರ ಮಾತು, ಅವ್ವನ ಮುದ್ದೆ, ಎಲ್ಲಾ ಸೇರಿ ವರ್ಷದ ಮೇಲಾಯಿತು. ಯಾರಿಗೂ ಹೇಳಬ್ಯಾಡಣ್ಣ ಅಂದಿದ್ದ. ನಾನು ಅವನ ಆ ಮಾತು ಮಾತ್ರ ನಡೆಸಲಿಲ್ಲ. ಊರಿಗೆ ಹೋಗಿ, ಅವ್ವನ ಮುಂದೆ, ಹಿರಿಯರ ಮುಂದೆ, ಕಟ್ಟೆಯ ಮೇಲೆ ನಿಂತು ಹೇಳಿದೆ: ಅವನು ಮಲಗಿರಲಿಲ್ಲ, ನಾನು ಫೋನಿನಲ್ಲಿ ಹಿಡಿದು ನಿಲ್ಲಿಸಿದ್ದೆ. ಒಬ್ಬ ಮುದುಕ 'ಹಂಗಾರೆ ನಿನ್ನೇ ಕಟ್ಟಾಕ್ಬೇಕು ಕಣಲೇ' ಅಂದ. ಕಟ್ಟಾಕ್ರಿ ಅಂದೆ. ನಕ್ಕರು. ಹತ್ತು ನಿಮಿಷದ ಕೆಲಸ, ಮುಗಿಸಿ ಬಸ್ಸು ಹತ್ತಿದೆ.

ಊರಿಗೆಲ್ಲ ಹೇಳಿದವನು ಪಿನ್ನಮ್ಮನಿಗೆ ಮಾತ್ರ ಹೇಳಲಿಲ್ಲ. ನಾಚಿಕೆ. ವಾರಗಟ್ಟಲೆ ಅವರ ಮಗ್ಗದ ಪಕ್ಕ ಕೂತು ತಮ್ಮನನ್ನು ಎಷ್ಟು ಹೀನಾಯವಾಗಿ ಬೈದಿದ್ದೆ! ಈಗ ಯಾವ ಮುಖ ಹೊತ್ತು ತಪ್ಪು ನನ್ನದೇ ಅನ್ನಲಿ? ನಾಳೆ ಹೇಳೋಣ ಅಂದುಕೊಂಡೆ. ಹಬ್ಬ ಕಳೆಯಲಿ ಅಂದುಕೊಂಡೆ. ಹಾಗೇ ಮೂರು ವರ್ಷ ದಾಟಿತು. ಒಂದೇ ಗೋಡೆಯ ಆ ಕಡೆ ಈ ಕಡೆ ಇದ್ದೆವು. 'ಬೆಟ್ಟದಾಗೆ ತಮ್ಮ ಏನಂದ?' ಅಂತ ಪಿನ್ನಮ್ಮ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ತಮ್ಮ ಹೇಗಿದ್ದಾನೆ ಅನ್ನುತ್ತಿದ್ದರು, ಅಷ್ಟೇ. ಚೆನ್ನಾಗಿದ್ದಾನೆ ಅನ್ನುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಅವರಿಗೆ ಜ್ವರ ಬಂತು. ನಾಲ್ಕು ದಿನ ಆಸ್ಪತ್ರೆ. ಮೂರನೇ ದಿನ ಡ್ಯೂಟಿ ಮುಗಿಸಿ ಹೋದೆ. ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಪಿನ್ನಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿದರು, ಕಾಯ್ದರು. ನಾನು ಬಿಸಿಲಿನ ಬಗ್ಗೆ ಮಾತಾಡಿ, ಎಳನೀರು ಇಟ್ಟು ಬಂದೆ. ಮರುದಿನ ಬೆಳಿಗ್ಗೆ ಅವರಿರಲಿಲ್ಲ.

ಸುದ್ದಿ ತಿಳಿದು ತಮ್ಮ ಊರಿಂದ ಬಂದ. ಈಗ ಅವನ ಹಿಂಡು ಮತ್ತೆ ಬೆಳೆದಿದೆ. ಪಿನ್ನಮ್ಮನ ಕಾಲ ಬಳಿ ಕೂತು ಮಕ್ಕಳ ಹಾಗೆ ಅತ್ತ. ಮಣ್ಣು ಮುಗಿಸಿ ಬಂದು ನಮ್ಮ ಜಗುಲಿಯ ಮೇಲೆ ಇಬ್ಬರೂ ಕೂತಾಗ ನನಗೆ ತಡೆಯಲಾಗಲಿಲ್ಲ. 'ಅವರಿಗೆ ನಾನು ಹೇಳಲೇ ಇಲ್ಲ ಕಣೋ. ನೀನು ಮಲಗಿರಲಿಲ್ಲ ಅಂತ. ನನ್ನ ಬಾಯಲ್ಲಿ ಕೇಳಿದ ಸುಳ್ಳನ್ನೇ ಇಟ್ಕೊಂಡು ಹೋದ್ರು' ಅಂದೆ.

ತಮ್ಮ ಮೂಗೊರೆಸಿಕೊಂಡು ನನ್ನನ್ನು ನೋಡಿದ. 'ಪಿನ್ನಮ್ಮಗೆ ಗೊತ್ತಿತ್ತಲ್ಲಣ್ಣ. ನಾನೇ ಹೇಳಿದ್ದೆ. ಕಂಡಿಕೆ ಸುತ್ತುವಾಗ, ನಾವು ಬೆಟ್ಟಕ್ಕೆ ಹೋಗೋ ಹಿಂದಿನ ದಿನ.'

ಅಂದರೆ ಮೂರು ವರ್ಷ, ನನ್ನ ತಪ್ಪು ಗೊತ್ತಿದ್ದೂ, ನಾನಾಗಿ ಹೇಳಲಿ ಅಂತ ಕಾಯುತ್ತಾ, ಒಂದು ದಿನವೂ ನನ್ನ ಮುಖ ಸಣ್ಣದಾಗಲು ಬಿಡದೆ, ಆ ಹೆಂಗಸು ನನ್ನ ಪಕ್ಕದಲ್ಲಿ ಬದುಕಿದ್ದರು.

'ಅಣ್ಣಗೆ ಹೇಳಬ್ಯಾಡ ಪಿನ್ನಮ್ಮ, ಗೊತ್ತಾದ್ರೆ ಕುಸಿದು ಹೋಗ್ತಾನೆ ಅಂದೆ' ಅಂದ ತಮ್ಮ. 'ನಾನು ಹೇಳಲ್ಲ, ನೀನೇ ಹೇಳು ಅಂದ್ರು. ನಿಮ್ಮಣ್ಣ ಬಾಯಿಬಡುಕ, ಆದ್ರೆ ನಿನಗಾಗಿ ಇದನ್ನ ತಡ್ಕಂತಾನೆ, ನನಗೆ ಗೊತ್ತು ಅಂದ್ರು.'